ಮನೆತೋಟದ ಕೊಳಗಳನ್ನು ನೋಡಲು ಹೋಗುವಾಗ

ನೆರೆಹೊರೆಯವರು ಸೇರಿ ಏರ್ಪಡಿಸುವ ಕೊಳವೀಕ್ಷಣೆಗೆ ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು. ಹಗಲಲ್ಲಿ ಅರಳುವ ನೈದಿಲೆಗಳಲ್ಲಿ ಹಲವು ಮಧ್ಯಾಹ್ನ ಕಳೆಯುತ್ತಿದ್ದಂತೆ ಮುಚ್ಚಿಕೊಳ್ಳುತ್ತವೆ. ಎಲ್ಲ ಮನೆಗಳನ್ನೂ ಮುಗಿಸುವ ಆತುರಕ್ಕಿಂತ ಕೆಲವನ್ನೇ ನಿಧಾನವಾಗಿ ನೋಡುವುದು ಮೇಲು. ಹೂವಿಗಿಂತ ಮೊದಲು ಫಿಲ್ಟರನ್ನು ಗಮನಿಸಿ: ಮೀನುಗಳ ತ್ಯಾಜ್ಯದಿಂದ ಉಂಟಾಗಿ ಅವಕ್ಕೇ ವಿಷವಾಗುವ ಅಮೋನಿಯಾವನ್ನು ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟು ಹಾನಿಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವುದರಿಂದ, ಪಂಪನ್ನು ಎಷ್ಟು ಹೊತ್ತು ಓಡಿಸುತ್ತಾರೆ, ಫಿಲ್ಟರನ್ನು ಯಾವ ನೀರಿನಲ್ಲಿ ತೊಳೆಯುತ್ತಾರೆ (ಕ್ಲೋರಿನ್ ಬೆರೆತ ನಲ್ಲಿನೀರು ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದು) ಎಂದು ಮನೆಯವರನ್ನು ವಿಚಾರಿಸಿದರೆ, ಅಲಂಕಾರದ ಕಲ್ಲುಗಳನ್ನು ನೋಡುವುದಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ. ನೀರಿಗೆ ಕೈ ಹಾಕಬೇಡಿ. ಮೀನುಗಳಿಗೆ ತಿನಿಸು ಎಸೆಯಬೇಡಿ. ಮಕ್ಕಳ ಕೈ ಬಿಡಬೇಡಿ. ಯಾರಾದರೂ ಗಿಡ ಕೊಟ್ಟರೆ ಅದನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು, ಬಸವನಹುಳುವಿನ ಮೊಟ್ಟೆ, ಪಾಚಿ ಇಲ್ಲವೆಂದು ಖಚಿತವಾದ ಮೇಲಷ್ಟೇ ನಿಮ್ಮ ಕೊಳಕ್ಕೆ ಬಿಡಿ.