ಬೇಸ್‌ಬಾಲ್ ಸ್ಕೋರ್‌ಹಾಳೆಯಲ್ಲಿ ಪಿಚರ್‌ಗಳ ಅಪರೂಪದ ಸಾಧನೆಗಳನ್ನು ಗುರುತಿಸುವ ಬಗೆ

ಕ್ರಿಕೆಟ್ ನೋಡುತ್ತ ಬೆಳೆದವರಿಗೆ ಬೇಸ್‌ಬಾಲ್ ಮೊದಮೊದಲು ಏನೂ ನಡೆಯದ ಆಟದಂತೆ ತೋರುತ್ತದೆ. ಬ್ಯಾಟ್ ಹಿಡಿದವನು ಬರುತ್ತಾನೆ, ಔಟಾಗುತ್ತಾನೆ, ಮರಳಿ ಹೋಗುತ್ತಾನೆ. ಸ್ಕೋರ್ ಫಲಕದಲ್ಲಿ ಸೊನ್ನೆಗಳು ಸಾಲುಗಟ್ಟುತ್ತವೆ. ಆದರೆ ಈ ಆಟದಲ್ಲಿ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವನು, ಮಾಡಬಹುದಾದ ಅತಿ ದೊಡ್ಡ ಸಾಧನೆಯು ಎದುರಾಳಿಗೆ ಏನೂ ನಡೆಯಗೊಡದಿರುವುದೇ ಆಗಿದೆ. ಸೊನ್ನೆಗಳಲ್ಲಿಯೂ ಹಲವು ಬಗೆಗಳಿವೆ, ಯಾವ ಸೊನ್ನೆ ಯಾವ ಸಾಧನೆಯದು ಎಂಬುದನ್ನು ತಿಳಿಯಲು ದೊಡ್ಡ ಪರದೆಗಿಂತ ಒಂದು ಪೆನ್ಸಿಲು ಮತ್ತು ಒಂದು ಸ್ಕೋರ್‌ಹಾಳೆ ಹೆಚ್ಚು ನೆರವಾಗುತ್ತವೆ. ಪೆನ್ನು ಬೇಡ, ಅಳಿಸಬೇಕಾದ ಪ್ರಸಂಗ ಬಂದೇ ಬರುತ್ತದೆ.

ಮೊದಲು ಹಾಳೆಯನ್ನು ಸಿದ್ಧಪಡಿಸಿಕೊಳ್ಳಿ. ಎಡಬದಿಯಲ್ಲಿ ಒಂಬತ್ತು ಬ್ಯಾಟರ್‌ಗಳ ಹೆಸರುಗಳನ್ನು ಅವರು ಆಡುವ ಕ್ರಮದಲ್ಲಿ ಬರೆದು, ಅಡ್ಡಲಾಗಿ ಒಂಬತ್ತು ಇನಿಂಗ್ಸ್‌ಗಳಿಗೆ ಒಂಬತ್ತು ಕಂಬಸಾಲುಗಳನ್ನು ಎಳೆದುಕೊಳ್ಳಬೇಕು. ಕ್ಷೇತ್ರರಕ್ಷಕರಿಗೆ ಹೆಸರಿನ ಬದಲು ಅಂಕಿಗಳಿವೆ: ಪಿಚರ್ 1, ಬ್ಯಾಟರ್‌ನ ಹಿಂದೆ ಕೂರುವ ಕ್ಯಾಚರ್ 2, ಮೊದಲ ಬೇಸ್‌ನವನು 3, ಎರಡನೆಯ ಬೇಸ್‌ನವನು 4, ಮೂರನೆಯ ಬೇಸ್‌ನವನು 5, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಮೈದಾನದಲ್ಲಿ ಎಡದಿಂದ ಬಲಕ್ಕೆ 7, 8, 9. ಬೇಸ್ ಎಂದರೆ ಓಟಗಾರ ಒಂದೊಂದಾಗಿ ತಲುಪಬೇಕಾದ ನೆಲೆ. ಶಾರ್ಟ್‌ಸ್ಟಾಪ್ ಚೆಂಡನ್ನು ಹಿಡಿದು ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರೆ ಆ ಚೌಕದಲ್ಲಿ 6-3 ಎಂದು ಬರೆಯುತ್ತಾರೆ. ಬ್ಯಾಟರ್ ಬೀಸಿ ತಪ್ಪಿದ ಅಥವಾ ಬೀಸದೆ ಬಿಟ್ಟ ಸರಿಯಾದ ಎಸೆತಕ್ಕೆ ಸ್ಟ್ರೈಕ್ ಎನ್ನುತ್ತಾರೆ, ಮೂರಾದರೆ ಔಟ್. ಮೂರನೆಯ ಸ್ಟ್ರೈಕ್‌ಗೆ ಬ್ಯಾಟ್ ಬೀಸಿಯೂ ಚೆಂಡು ತಾಗಿಸಲಾಗದವನಿಗೆ ಇಂಗ್ಲಿಷಿನ ಕೆ ಅಕ್ಷರ, ಬೀಸದೆ ನೋಡುತ್ತ ನಿಂತು ಔಟಾದವನಿಗೆ ಅದೇ ಕೆ ಅಕ್ಷರವನ್ನು ಹಿಂದುಮುಂದಾಗಿ ತಿರುಗಿಸಿ ಬರೆಯುವುದು ರೂಢಿ. ಈ ಕೊನೆಯ ಗುರುತಿನಲ್ಲಿ ಸ್ವಲ್ಪ ತುಂಟತನವಿದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಇನ್ನು ಹಾಳೆಯ ಆಕಾರವನ್ನು ಗಮನಿಸಬೇಕು. ಒಂದು ಇನಿಂಗ್ಸ್‌ಗೆ ಮೂರು ಔಟ್‌ಗಳು, ಒಂಬತ್ತು ಇನಿಂಗ್ಸ್‌ಗೆ 27. ಒಬ್ಬನೂ ಬೇಸ್ ತಲುಪದಿದ್ದರೆ ಮೊದಲ ಇನಿಂಗ್ಸ್‌ನಲ್ಲಿ 1ರಿಂದ 3ನೆಯ ಬ್ಯಾಟರ್‌ಗಳು, ಎರಡನೆಯದರಲ್ಲಿ 4ರಿಂದ 6, ಮೂರನೆಯದರಲ್ಲಿ 7ರಿಂದ 9 ಬರುತ್ತಾರೆ; ನಾಲ್ಕನೆಯ ಮತ್ತು ಏಳನೆಯ ಇನಿಂಗ್ಸ್‌ಗಳು ಮತ್ತೆ ಮೊದಲ ಬ್ಯಾಟರ್‌ನಿಂದಲೇ ಶುರುವಾಗುತ್ತವೆ. ಹಾಳೆಯ ಮೇಲೆ ಒಂದೇ ಅಳತೆಯ ಮೆಟ್ಟಿಲಸಾಲು ಮೂರು ಬಾರಿ ಇಳಿದಂತೆ ಕಾಣುತ್ತದೆ. ಏಳನೆಯ ಇನಿಂಗ್ಸ್‌ನ ಮೊದಲ ಚೌಕವು ಹಾಳೆಯ ಮೇಲ್ತುದಿಯಲ್ಲಿಯೇ ಇದೆಯೆಂದಾದರೆ ಅಲ್ಲಿಂದ ಮುಂದೆ ತಿಂಡಿಗೆಂದು ಎದ್ದು ಹೋಗಬೇಡಿ. ಹೀಗೆ 27 ಮಂದಿ ಬಂದು, 27 ಮಂದಿಯೂ ಯಾವ ರೀತಿಯಲ್ಲಿಯೂ ಬೇಸ್ ಮುಟ್ಟದೆ ಮರಳುವ ಪಂದ್ಯಕ್ಕೆ ಪರ್ಫೆಕ್ಟ್ ಗೇಮ್ ಎಂದು ಹೆಸರು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಲೀ ರಿಚ್ಮಂಡ್ 1880ರ ಜೂನ್ 12ರಂದು ಇದನ್ನು ಮೊದಲ ಬಾರಿಗೆ ಸಾಧಿಸಿದರು. 2023ರ ಜೂನ್ 28ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಡೊಮಿಂಗೊ ಹೆರ್ಮಾನ್ ಓಕ್ಲಂಡ್‌ನಲ್ಲಿ ಸಾಧಿಸಿದ್ದು 24ನೆಯದು. ಆ ಅವಧಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪಂದ್ಯಗಳು ನಡೆದಿವೆ ಎಂಬುದನ್ನು ನೆನೆದರೆ ಇದರ ಅಪರೂಪತನ ಅರ್ಥವಾಗುತ್ತದೆ.

ಅಭ್ಯಾಸಕ್ಕೆಂದು ಹಳೆಯ ಪಂದ್ಯವೊಂದನ್ನು ಹಾಳೆಗಿಳಿಸಿ ನೋಡುವುದು ಒಳ್ಳೆಯದು, ಅದಕ್ಕೆ 1956ರ ಅಕ್ಟೋಬರ್ 8ರ ಪಂದ್ಯಕ್ಕಿಂತ ಉತ್ತಮವಾದುದಿಲ್ಲ. ಅದು ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಐದನೆಯ ಪಂದ್ಯ; ಯಾಂಕೀಸ್‌ನ ಡಾನ್ ಲಾರ್ಸನ್ ಬ್ರೂಕ್ಲಿನ್ ಡಾಜರ್ಸ್ ವಿರುದ್ಧ ಪಿಚರ್ ಆಗಿದ್ದರು. ಅದೇ ಸರಣಿಯ ಎರಡನೆಯ ಪಂದ್ಯದಲ್ಲಿ ಅವರು ಎರಡು ಇನಿಂಗ್ಸ್‌ಗಳನ್ನೂ ಪೂರೈಸಲಾಗದೆ ಹೊರನಡೆದಿದ್ದರು. ಎರಡನೆಯ ಇನಿಂಗ್ಸ್‌ನಲ್ಲಿ ನಾಲ್ಕನೆಯ ಬ್ಯಾಟರ್ ಜಾಕಿ ರಾಬಿನ್ಸನ್ ಬಲವಾಗಿ ಹೊಡೆದ ಚೆಂಡು ಮೂರನೆಯ ಬೇಸ್‌ನ ಆಂಡಿ ಕೇರಿಯ ಕೈಗವಸಿಗೆ ಬಡಿದು ಪಕ್ಕಕ್ಕೆ ಸಿಡಿಯಿತು. ಶಾರ್ಟ್‌ಸ್ಟಾಪ್ ಗಿಲ್ ಮ್ಯಾಕ್‌ಡೂಗಲ್ಡ್ ಅದನ್ನು ಹಿಡಿದು ಮೊದಲ ಬೇಸ್‌ಗೆ ಎಸೆದರು. ಚೌಕದಲ್ಲಿ 5-6-3. ಈ ಮೂರು ಅಂಕಿಗಳಲ್ಲಿ ಪಿಚರ್‌ನ ಅಂಕಿಯಿಲ್ಲ. ಐದನೆಯ ಇನಿಂಗ್ಸ್‌ನಲ್ಲಿ ಗಿಲ್ ಹಾಡ್ಜಸ್ ದೂರಕ್ಕೆ ಹೊಡೆದ ಚೆಂಡನ್ನು ಮಿಕಿ ಮ್ಯಾಂಟಲ್ ಓಡಿ ಬಂದು ಹಿಡಿದರು: 8. ಕೊನೆಯ ಇನಿಂಗ್ಸ್‌ನ ಮೂರು ಚೌಕಗಳಲ್ಲಿ 9, 4-3, ಮತ್ತು ತಿರುಗಿಸಿದ ಕೆ. ಆ ಕೊನೆಯ ಗುರುತು ಪಿಚರ್‌ನ ಬದಲಿಗೆ ಬ್ಯಾಟ್ ಹಿಡಿದು ಬಂದ ಡೇಲ್ ಮಿಚೆಲ್‌ರದು. ಒಟ್ಟು 97 ಎಸೆತಗಳು ಮುಗಿದವು, ಕ್ಯಾಚರ್ ಯೋಗಿ ಬೆರಾ ಓಡಿ ಬಂದು ಲಾರ್ಸನ್‌ರ ಮೈಮೇಲೆ ಹಾರಿದರು. ವೃತ್ತಿಜೀವನದಲ್ಲಿ 81 ಗೆದ್ದು 91 ಸೋತ ಸಾಧಾರಣ ಪಿಚರ್ ಒಬ್ಬರ ಹಾಳೆಯಿದು.

ಎರಡನೆಯ ಹೆಜ್ಜೆ, ಸೊನ್ನೆಗಳನ್ನು ಬೇರ್ಪಡಿಸುವುದು. ಸ್ಕೋರ್ ಫಲಕದ ತುದಿಯಲ್ಲಿ ಆರ್, ಎಚ್, ಇ ಎಂಬ ಮೂರು ಅಂಕಣಗಳಿರುತ್ತವೆ. ಅವು ಕ್ರಮವಾಗಿ ರನ್, ಹಿಟ್ (ಹೊಡೆತದ ಬಲದಿಂದಲೇ ಬೇಸ್ ತಲುಪುವುದು) ಮತ್ತು ಎರರ್‌ಗಳನ್ನು (ಕ್ಷೇತ್ರರಕ್ಷಕರ ತಪ್ಪುಗಳನ್ನು) ಸೂಚಿಸುತ್ತವೆ. ಎಚ್‌ನ ಕೆಳಗೆ ಸೊನ್ನೆಯಿದ್ದರೆ ಅದು ನೋ-ಹಿಟ್ಟರ್, ಅಂದರೆ ಎದುರಾಳಿಗೆ ಒಂದೂ ಹಿಟ್ ಸಿಗದ ಪಂದ್ಯ, ಇರಬಹುದು, ಅಷ್ಟಕ್ಕೇ ಪರ್ಫೆಕ್ಟ್ ಗೇಮ್ ಆಗದು. ನಾಲ್ಕು ಬಾಲ್‌ಗಳಿಂದ (ಗುರಿ ತಪ್ಪಿದ, ಬೀಸದೆ ಬಿಟ್ಟ ಎಸೆತಗಳಿಂದ) ವಾಕ್, ಅಂದರೆ ಪುಕ್ಕಟೆ ಮೊದಲ ಬೇಸ್, ಪಡೆದವನು, ಚೆಂಡು ಮೈಗೆ ತಾಗಿದವನು, ಕ್ಷೇತ್ರರಕ್ಷಕನ ತಪ್ಪಿನಿಂದ ಬದುಕಿದವನು, ಇವರಲ್ಲಿ ಯಾರೂ ಹಿಟ್ ಗಳಿಸಿದವರಲ್ಲ, ಆದರೂ ಬೇಸ್ ಮುಟ್ಟಿದವರು. ನಾನೂ ಆರಂಭದಲ್ಲಿ ಎಚ್‌ನ ಸೊನ್ನೆಯೊಂದನ್ನೇ ನೋಡಿ ಹಿಗ್ಗಿ, ವಾಕ್‌ಗಳನ್ನು ಮರೆತು ಪೇಚಿಗೆ ಸಿಕ್ಕಿದ್ದುಂಟು. 2015ರ ಜೂನ್ 20ರಂದು ಮ್ಯಾಕ್ಸ್ ಶೆರ್ಜರ್ 26 ಮಂದಿಯನ್ನು ಸಾಲಾಗಿ ಔಟ್ ಮಾಡಿ, 27ನೆಯ ಬ್ಯಾಟರ್ ಹೊಸೆ ತಬಾಟಾ ಎರಡು ಸ್ಟ್ರೈಕ್‌ಗಳೊಂದಿಗೆ ನಿಂತಿದ್ದಾಗ ಚೆಂಡನ್ನು ಅವರ ಮೊಣಕೈಗೆ ತಾಗಿಸಿದರು. ಪರ್ಫೆಕ್ಟ್ ಗೇಮ್ ಕೈತಪ್ಪಿತು, ನೋ-ಹಿಟ್ಟರ್ ಉಳಿಯಿತು.

ನೋ-ಹಿಟ್ಟರ್ ಎಸೆದವನು ಗೆಲ್ಲಲೇಬೇಕೆಂದೂ ಇಲ್ಲ. 1964ರ ಏಪ್ರಿಲ್ 23ರಂದು ಹ್ಯೂಸ್ಟನ್‌ನ ಕೆನ್ ಜಾನ್ಸನ್ ಒಂಬತ್ತು ಇನಿಂಗ್ಸ್‌ಗಳಲ್ಲಿ ಒಂದೂ ಹಿಟ್ ಕೊಡದೆ 1-0 ಅಂತರದಿಂದ ಸೋತರು. 1990ರ ಜುಲೈ 1ರಂದು ಆಂಡಿ ಹಾಕಿನ್ಸ್ ಷಿಕಾಗೊದಲ್ಲಿ ಒಂದೂ ಹಿಟ್ ಕೊಡದೆ 4-0ಯಿಂದ ಸೋತದ್ದು ಇನ್ನೂ ವಿಚಿತ್ರ. ಆತಿಥೇಯ ತಂಡ ಮುಂದಿದ್ದುದರಿಂದ ಅದು ಒಂಬತ್ತನೆಯ ಇನಿಂಗ್ಸ್ ಆಡಬೇಕಾಗಲಿಲ್ಲ, ಹೀಗಾಗಿ ಹಾಕಿನ್ಸ್ ಎಸೆದದ್ದು ಎಂಟೇ ಇನಿಂಗ್ಸ್. 1991ರಲ್ಲಿ ಲೀಗ್‌ನ ಸಮಿತಿಯೊಂದು ಕನಿಷ್ಠ ಒಂಬತ್ತು ಇನಿಂಗ್ಸ್ ಎಸೆದು, ಪಂದ್ಯ ಮುಗಿಯುವವರೆಗೂ ಹಿಟ್ ಕೊಡದಿದ್ದರೆ ಮಾತ್ರ ನೋ-ಹಿಟ್ಟರ್ ಎಂದು ವ್ಯಾಖ್ಯಾನಿಸಿತು, ಹಾಕಿನ್ಸ್‌ರ ಪಂದ್ಯ ಪಟ್ಟಿಯಿಂದ ಹೊರಬಿತ್ತು.

ಅದೇ ವ್ಯಾಖ್ಯಾನಕ್ಕೆ ಬಲಿಯಾದ ಇನ್ನೊಂದು ಹಾಳೆಯನ್ನು ನೀವು ಬರೆದು ನೋಡಲೇಬೇಕು. 1959ರ ಮೇ 26ರಂದು ಪಿಟ್ಸ್‌ಬರ್ಗ್‌ನ ಹಾರ್ವಿ ಹ್ಯಾಡಿಕ್ಸ್ ಮಿಲ್ವಾಕಿ ಬ್ರೇವ್ಸ್ ತಂಡದ 36 ಮಂದಿಯನ್ನು ಸಾಲಾಗಿ ಔಟ್ ಮಾಡಿದರು. ಮೆಟ್ಟಿಲಸಾಲು ಒಂಬತ್ತರಲ್ಲಿ ನಿಲ್ಲದೆ ಹನ್ನೆರಡರವರೆಗೆ ಇಳಿಯಿತು, ಆದರೆ ಅವರ ತಂಡಕ್ಕೂ ರನ್ ಬರಲಿಲ್ಲ. ಹದಿಮೂರರಲ್ಲಿ ಮೂರನೆಯ ಬೇಸ್‌ನವರ ಎಸೆತ ತಪ್ಪಿ ಮೊದಲ ಓಟಗಾರ ಬೇಸ್ ಮುಟ್ಟಿದ. ಹ್ಯಾಂಕ್ ಆರನ್‌ಗೆ ಬೇಕೆಂದೇ ವಾಕ್ ಕೊಟ್ಟರು. ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆಗೆ ಹೊಡೆದರು. ಓಟಗಾರರ ಕ್ರಮ ತಪ್ಪಿದ್ದರಿಂದ ಅದು ಹೋಮ್‌ರನ್ ಎನಿಸದೆ ಡಬಲ್ (ಎರಡು ಬೇಸ್‌ಗಳ ಹಿಟ್) ಎನಿಸಿತು, ಅಂತಿಮ ಅಂಕ 1-0. ಹನ್ನೆರಡು ಇನಿಂಗ್ಸ್‌ಗಳ ಆ ನಿಷ್ಕಳಂಕ ಆಟ ಇಂದು ಅಧಿಕೃತ ಪಟ್ಟಿಯಲ್ಲಿಲ್ಲ. ನಿಯಮ ಸರಿಯಿರಬಹುದು, ನನ್ನ ಮನಸ್ಸು ಒಪ್ಪಿಲ್ಲ.

ಮೆಟ್ಟಿಲಸಾಲು ಕೂಡ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಬೇಸ್ ತಲುಪಿದವನು ಮುಂದಿನ ಬೇಸ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಸೇರಲು, ಹೋಗಿ ಔಟಾದರೆ, ಅಥವಾ ಒಂದೇ ಹೊಡೆತಕ್ಕೆ ಇಬ್ಬರು ಔಟಾದರೆ, 27 ಚೌಕಗಳ ಆಕಾರ ಕೆಡುವುದಿಲ್ಲ. 1917ರ ಜೂನ್ 23ರಂದು ಬಾಸ್ಟನ್‌ನ ಬೇಬ್ ರೂತ್ ಮೊದಲ ಬ್ಯಾಟರ್‌ಗೆ ವಾಕ್ ಕೊಟ್ಟು, ಅಂಪೈರ್ ಜೊತೆ ಜಗಳವಾಡಿ, ಅವರಿಗೆ ಹೊಡೆದು ಮೈದಾನದಿಂದ ಹೊರಹಾಕಿಸಿಕೊಂಡರು. ಅವರ ಜಾಗಕ್ಕೆ ಬಂದವರು ಎರ್ನಿ ಶೋರ್. ಬೇಸ್ ಮೇಲಿದ್ದವನು ಕದಿಯಲು ಹೋಗಿ ಸಿಕ್ಕಿಬಿದ್ದ, ಉಳಿದ 26 ಮಂದಿಯನ್ನೂ ಶೋರ್ ಔಟ್ ಮಾಡಿದರು. ಬಹಳ ಕಾಲ ಅದನ್ನು ಪರ್ಫೆಕ್ಟ್ ಗೇಮ್ ಎಂದೇ ಎಣಿಸುತ್ತಿದ್ದರು. ಈಗ ಅದು ಇಬ್ಬರು ಪಿಚರ್‌ಗಳ ಜಂಟಿ ನೋ-ಹಿಟ್ಟರ್. ಆದ್ದರಿಂದ ಆಕಾರ ನೋಡಿ ಸಂಭ್ರಮಿಸುವ ಮುನ್ನ ಪ್ರತಿ ಚೌಕದೊಳಗನ್ನೂ ಓದಬೇಕು.

ಸಣ್ಣ ಸಾಧನೆಗಳಿಗೆ ಚೌಕದ ಮೂಲೆಯಲ್ಲಿ ಪ್ರತಿ ಎಸೆತಕ್ಕೂ ಒಂದು ಚುಕ್ಕೆಯಿಡುವ ರೂಢಿ ಮಾಡಿಕೊಳ್ಳಿ. ಒಂದು ಕಂಬಸಾಲಿನಲ್ಲಿ ಮೂರು ಕೆ, ಒಟ್ಟು ಒಂಬತ್ತೇ ಚುಕ್ಕೆಗಳಿದ್ದರೆ ಅದು ಇಮ್ಯಾಕ್ಯುಲೇಟ್ ಇನಿಂಗ್. 2022ರ ಜೂನ್ 15ರಂದು ಹ್ಯೂಸ್ಟನ್‌ನ ಲೂಯಿಸ್ ಗಾರ್ಸಿಯಾ ಮತ್ತು ಫಿಲ್ ಮೇಟನ್ ಒಂದೇ ಪಂದ್ಯದಲ್ಲಿ, ಟೆಕ್ಸಸ್‌ನ ಅದೇ ಮೂವರು ಬ್ಯಾಟರ್‌ಗಳ ಮೇಲೆ ಇದನ್ನು ಎರಡು ಬಾರಿ ಸಾಧಿಸಿದರು. ಒಂದೇ ಕಂಬಸಾಲಿನಲ್ಲಿ ನಾಲ್ಕು ಕೆ ಕಂಡರೂ ನೀವು ತಪ್ಪಿ ಬರೆದಿಲ್ಲ: ಮೂರನೆಯ ಸ್ಟ್ರೈಕ್ ಅನ್ನು ಕ್ಯಾಚರ್ ಕೈಬಿಟ್ಟರೆ, ಮೊದಲ ಬೇಸ್ ಖಾಲಿಯಿದ್ದಾಗ ಅಥವಾ ಇಬ್ಬರು ಔಟಾಗಿದ್ದಾಗ ಬ್ಯಾಟರ್ ಓಡಿ ಬೇಸ್ ಸೇರಬಹುದು, ಕೆ ಮಾತ್ರ ಪಿಚರ್‌ನ ಲೆಕ್ಕದಲ್ಲಿ ಉಳಿಯುತ್ತದೆ. ಚಕ್ ಫಿನ್ಲಿ ಇದನ್ನು ಮೂರು ಬಾರಿ ಮಾಡಿದ್ದಾರೆ.

ಇಡೀ ಹಾಳೆಯ ಕೆಗಳನ್ನು ಎಣಿಸಿದಾಗ 20 ಬಂದರೆ ಅದು ಒಂಬತ್ತು ಇನಿಂಗ್ಸ್‌ಗಳಲ್ಲಿ ಮೇಜರ್ ಲೀಗ್‌ನ ಗರಿಷ್ಠ. ರೋಜರ್ ಕ್ಲೆಮೆನ್ಸ್ ಆ ಸಂಖ್ಯೆಯನ್ನು 1986ರಲ್ಲಿ ಮತ್ತು 1996ರಲ್ಲಿ, ಹೀಗೆ ಎರಡು ಬಾರಿ ಮುಟ್ಟಿದರು. ಕೆಗಳ ರಾಶಿ ಮತ್ತು ಮೆಟ್ಟಿಲಸಾಲು ಒಂದೇ ಹಾಳೆಯಲ್ಲಿ ಕೂಡಿದ್ದನ್ನು ನೋಡಬೇಕಾದರೆ ಜಪಾನಿಗೆ ಹೋಗಬೇಕು. 2022ರ ಏಪ್ರಿಲ್ 10ರಂದು ಚೀಬಾ ಲೊಟ್ಟೆ ಮರೀನ್ಸ್‌ನ ರೋಕಿ ಸಾಸಾಕಿ, ಆಗಿನ್ನೂ ಇಪ್ಪತ್ತರ ಹುಡುಗ, ಓರಿಕ್ಸ್ ವಿರುದ್ಧ 105 ಎಸೆತಗಳಲ್ಲಿ ಪರ್ಫೆಕ್ಟ್ ಗೇಮ್ ಮುಗಿಸಿದರು. 27ರಲ್ಲಿ 19 ಕೆ, ಅವುಗಳಲ್ಲಿ 13 ಬೆನ್ನುಬೆನ್ನಿಗೆ. ಕ್ಯಾಚರ್‌ಗೆ ಹದಿನೆಂಟು ವರ್ಷ. ವಾರದ ನಂತರದ ಪಂದ್ಯದಲ್ಲಿ ಎಂಟು ಇನಿಂಗ್ಸ್ ಮತ್ತೆ ನಿಷ್ಕಳಂಕವಾಗಿ ಎಸೆದ ಸಾಸಾಕಿಯನ್ನು ತೋಳಿನ ಕಾಳಜಿಯಿಂದ ಹಿಂದಕ್ಕೆ ಕರೆಸಿಕೊಂಡರು.

ಮೈದಾನದಲ್ಲಿ ಕುಳಿತು ಹಾಳೆ ತುಂಬುವವರು ಒಂದು ಶಿಷ್ಟಾಚಾರವನ್ನೂ ಪಾಲಿಸಬೇಕು: ನೋ-ಹಿಟ್ಟರ್ ನಡೆಯುತ್ತಿದೆ ಎಂದು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ದೃಷ್ಟಿ ತಾಗುತ್ತದೆ ಎಂಬ ನಮ್ಮ ನಂಬಿಕೆಗೆ ಹತ್ತಿರದ್ದಿದು. 1956ರ ಆ ಪಂದ್ಯದಲ್ಲಿ ಲಾರ್ಸನ್ ತಾವೇ ಮ್ಯಾಂಟಲ್‌ರ ಬಳಿ ಮಾತೆತ್ತಿದಾಗ ಮ್ಯಾಂಟಲ್ ಉತ್ತರ ಕೊಡದೆ ಸರಿದುಹೋದರು. ಸಹ ಆಟಗಾರರ ಈ ಬಿಗುವನ್ನು ಕನ್ನಡಿಗರು ಬೇರೆ ರೂಪದಲ್ಲಿ ಕಂಡಿದ್ದಾರೆ. 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಒಂಬತ್ತು ವಿಕೆಟ್ ಪಡೆದು ನಿಂತಿದ್ದಾಗ, ಹತ್ತನೆಯದು ತಮಗೆ ಬೀಳಬಾರದೆಂದು ಜಾವಗಲ್ ಶ್ರೀನಾಥ್ ಸ್ಟಂಪ್‌ಗಳಿಂದ ದೂರಕ್ಕೆ ಚೆಂಡೆಸೆದರು. ಬೇಸ್‌ಬಾಲ್‌ನಲ್ಲಿ ಸಹ ಆಟಗಾರನಿಗೆ ಹಾಗೆ ದಾರಿ ಬಿಟ್ಟುಕೊಡುವ ಅವಕಾಶವಿಲ್ಲ. ತನ್ನತ್ತ ಬಂದ ಚೆಂಡನ್ನು ಅವನು ಹಿಡಿಯಲೇಬೇಕು.

ಕಡೆಯದಾಗಿ, ಕಣ್ಣಿಗೆ ಕಂಡದ್ದಕ್ಕೂ ಅಂಪೈರ್ ಹೇಳಿದ್ದಕ್ಕೂ ವ್ಯತ್ಯಾಸ ಬಂದಾಗ ಏನು ಬರೆಯಬೇಕೆಂಬ ಪ್ರಶ್ನೆ. 2010ರ ಜೂನ್ 2ರಂದು ಡೆಟ್ರಾಯಿಟ್‌ನ ಅರ್ಮಾಂಡೊ ಗಲರಾಗಾ 26 ಮಂದಿಯನ್ನು ಔಟ್ ಮಾಡಿದ್ದರು. 27ನೆಯ ಜೇಸನ್ ಡೊನಾಲ್ಡ್ ಹೊಡೆದ ಚೆಂಡನ್ನು ಮೊದಲ ಬೇಸ್‌ನ ಮಿಗೆಲ್ ಕಾಬ್ರೆರಾ ಹಿಡಿದು, ಬೇಸ್‌ಗೆ ಓಡಿ ಬಂದ ಗಲರಾಗಾರತ್ತ ಎಸೆದರು. ಓಟಗಾರ ಒಂದು ಹೆಜ್ಜೆ ಹಿಂದಿದ್ದ. 3-1 ಎಂದು ಬರೆಯಲು ಸಾವಿರಾರು ಪೆನ್ಸಿಲುಗಳು ಸಿದ್ಧವಾಗಿದ್ದವು. ಅಂಪೈರ್ ಜಿಮ್ ಜಾಯ್ಸ್ ಸೇಫ್ ಎಂದರು. ಪಂದ್ಯದ ನಂತರ ಮರುದೃಶ್ಯ ನೋಡಿ ತಪ್ಪಾಯಿತೆಂದು ಅವರು ಒಪ್ಪಿಕೊಂಡರು, ಆದರೆ ತೀರ್ಪು ಬದಲಾಗಲಿಲ್ಲ. ಹಾಳೆಯಲ್ಲಿ ಬರೆಯಬೇಕಾದದ್ದು ಅಂಪೈರ್ ಕೊಟ್ಟ ತೀರ್ಪನ್ನೇ: ಒಂಬತ್ತನೆಯ ಇನಿಂಗ್ಸ್‌ನ ಕಂಬಸಾಲಿನಲ್ಲಿ ಒಂಬತ್ತನೆಯ ಬ್ಯಾಟರ್‌ನ ಚೌಕದಲ್ಲಿ ಒಂದು ಹಿಟ್, ಅದೇ ಕಂಬಸಾಲಿನ ಮೇಲ್ತುದಿಗೆ ಮರಳಿ ಮೊದಲ ಬ್ಯಾಟರ್‌ನ ಚೌಕದಲ್ಲಿ 28ನೆಯ ಸರದಿಯ 5-3. ನಿಮಗೆ ಕಂಡದ್ದನ್ನು ಅಂಚಿನಲ್ಲಿ ಸಣ್ಣದಾಗಿ ಬರೆದುಕೊಳ್ಳಲು ಅಡ್ಡಿಯಿಲ್ಲ. ಮರುದಿನ ತಂಡದ ಆಟಗಾರರ ಪಟ್ಟಿಯನ್ನು ಅಂಪೈರ್‌ಗೆ ಒಪ್ಪಿಸಲು ಗಲರಾಗಾ ತಾವೇ ಹೋದರು. ಅದನ್ನು ತೆಗೆದುಕೊಂಡ ಜಾಯ್ಸ್ ಕಣ್ಣೊರೆಸಿಕೊಂಡು ಆಟ ಶುರುಮಾಡಿದರು.