ಚಿಕ್ಕ ಬಜೆಟ್‌ನ ಕನ್ನಡ ಸಿನಿಮಾ ಮಾಡುತ್ತಿದ್ದೀರಾ? ಓಟಿಟಿಗೆ ಮುಹೂರ್ತಕ್ಕೂ ಮೊದಲೇ ತಯಾರಾಗಿ

ನಿಮ್ಮ ಬಜೆಟ್ ಹಾಳೆಯಲ್ಲಿ ‘ಓಟಿಟಿಯಿಂದ ಬರುವ ದುಡ್ಡು’ ಅಂತ ಒಂದು ಸಾಲು ಇದ್ದರೆ ಮೊದಲು ಅದನ್ನು ಹೊಡೆದುಹಾಕಿ. 2020ರಲ್ಲಿ ಥಿಯೇಟರ್ ಮುಚ್ಚಿದ್ದಾಗ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಜುಲೈ ತಿಂಗಳಲ್ಲಿ ಸೀದಾ ಪ್ರೈಮ್ ವಿಡಿಯೋಗೆ ಬಂದವು. ಅದನ್ನು ನೋಡಿ ಓಟಿಟಿ ನಂಬಿಕೊಂಡು ಸಿನಿಮಾಕ್ಕೆ ಇಳಿದವರು ಬಹಳ ಜನ. ಈಗ ಕಾಲ ಹಾಗಿಲ್ಲ. ರಕ್ಷಿತ್ ಶೆಟ್ಟಿ ಅವರ ಪರಂವಃ ಸ್ಟುಡಿಯೋಸ್‌ನಂಥ ಸಂಸ್ಥೆಯೇ ‘ಏಕಂ’ ಸರಣಿಯನ್ನು ಕೊಳ್ಳುವ ಓಟಿಟಿ ಸಿಗದೆ 2024ರ ಜುಲೈನಲ್ಲಿ ಅದಕ್ಕಂತಲೇ ಮಾಡಿದ ವೆಬ್‌ಸೈಟ್‌ನಲ್ಲಿ ಬಿಡಬೇಕಾಯಿತು. ಹೊಸಬರಿಗೆ ಇನ್ನೂ ಕಷ್ಟ, ಅಲ್ವಾ?

ಹಾಗಂತ ಕೈಕಟ್ಟಿ ಕೂರಬೇಡಿ. ಹಕ್ಕುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ. ಥಿಯೇಟರ್, ಆಡಿಯೋ, ಸ್ಯಾಟಲೈಟ್ (ಅಂದರೆ ಟಿವಿ), ಡಿಜಿಟಲ್ (ಅಂದರೆ ಓಟಿಟಿ), ಹಿಂದಿ ಡಬ್ಬಿಂಗ್, ರಿಮೇಕ್, ಹೊರದೇಶದ ಹಕ್ಕು, ಇವೆಲ್ಲ ಒಂದೊಂದೂ ಬೇರೆ ಸರಕು. ಕೈಯಲ್ಲಿ ಕಾಸಿಲ್ಲದಾಗ ಯಾರೋ ಬಂದು ಒಂದೇ ಮೊತ್ತ ಹೇಳುತ್ತಾರೆ, ಅಗ್ರಿಮೆಂಟ್‌ನ ಎಲ್ಲೋ ಮೂಲೆಯಲ್ಲಿ ‘ಎಲ್ಲಾ ಭಾಷೆ, ಇಡೀ ಪ್ರಪಂಚ, ಶಾಶ್ವತವಾಗಿ’ ಅಂತ ಇರುತ್ತದೆ, ನೀವು ಬಡ್ಡಿ ಕಟ್ಟುವ ಅವಸರದಲ್ಲಿ ಸಹಿ ಹಾಕಿಬಿಡುತ್ತೀರಿ. ಹಾಕಬೇಡಿ. ಯಾವ ಹಕ್ಕು, ಯಾವ ಭಾಷೆ, ಎಷ್ಟು ವರ್ಷ ಅಂತ ಬಿಡಿಸಿ ಬರೆಸಿ. ಕಥೆ ಬರೆದವರು, ಸಂಗೀತ ಕೊಟ್ಟವರು, ಕಲಾವಿದರು ಎಲ್ಲರ ಸಹಿ ಶೂಟಿಂಗ್‌ಗೆ ಮುಂಚೆಯೇ ಆಗಲಿ. ಒಂದು ಹಾಡಿನ ಕಾಗದ ಸರಿಯಿಲ್ಲದಿದ್ದರೂ ಮಾರಾಟ ನಿಂತುಹೋಗಬಹುದು.

ದುಡ್ಡಿನ ಲೆಕ್ಕ ಮೂರು ಥರ. ಒಂದೇ ಸಲ ಮೊತ್ತ ಕೊಟ್ಟು ಕೊಳ್ಳುವುದು, ಜನ ಎಷ್ಟು ಹೊತ್ತು ನೋಡಿದರೋ ಅಷ್ಟಕ್ಕೆ ಪಾಲು ಕೊಡುವುದು, ಒಂದು ಸಲ ನೋಡಲು ಇಷ್ಟು ಅಂತ ಬಾಡಿಗೆ ಹಾಕುವುದು. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ಶುರುಮಾಡಿದ ಸಿ ಸ್ಪೇಸ್ ಅನ್ನುವ ಓಟಿಟಿ ಮೂರನೇ ಥರದ್ದು: 75 ರೂಪಾಯಿ ಟಿಕೆಟ್, ಅದರಲ್ಲಿ ಅರ್ಧ ನಿರ್ಮಾಪಕರಿಗೆ. ನಮ್ಮ ಸರ್ಕಾರವೂ 2025ರ ಬಜೆಟ್‌ನಲ್ಲಿ ಕನ್ನಡಕ್ಕೊಂದು ಓಟಿಟಿ ಮಾಡುವ ಮಾತಾಡಿದೆ. ಅದು ಬೇಗ ಆಗಲಿ ಅಂತ ನನಗೆ ತುಂಬಾ ಆಸೆ. ಪಾಲಿನ ಲೆಕ್ಕಕ್ಕೆ ಒಪ್ಪುವುದಾದರೆ ಸಿನಿಮಾವನ್ನು ಓಟಿಟಿಗೆ ತಲುಪಿಸುವ ಮಧ್ಯದವರ ಕಮಿಷನ್ ಎಷ್ಟು, ಅವರ ಖರ್ಚು ಯಾರ ಪಾಲಿನಿಂದ ಹೋಗುತ್ತದೆ, ವರದಿ ಎಷ್ಟು ತಿಂಗಳಿಗೊಮ್ಮೆ ಅಂತ ಕೇಳಿ. ನನಗೆ ಗೊತ್ತಿರುವ ಒಬ್ಬ ನಿರ್ಮಾಪಕರು ಇದನ್ನು ಕೇಳದೆ ಸಹಿ ಹಾಕಿ ಒಂದು ವರ್ಷ ಬರೀ ಫೋನ್ ಮಾಡುತ್ತಾ ಕಳೆದರು.

ಸೆನ್ಸಾರ್ ವಿಷಯ ಚಿಕ್ಕದು, ಆದರೆ ಮರೆಯಬೇಡಿ. ಓಟಿಟಿಗೆ ಸೆನ್ಸಾರ್ ಸರ್ಟಿಫಿಕೇಟ್ ಕಡ್ಡಾಯವಲ್ಲ, ಕೇಂದ್ರದ 2021ರ ಐಟಿ ನಿಯಮದ ಪ್ರಕಾರ ಓಟಿಟಿಯವರೇ ವಯಸ್ಸಿನ ಗುರುತು ಹಾಕಿಕೊಳ್ಳುತ್ತಾರೆ. ಥಿಯೇಟರ್‌ಗೆ ಮಾತ್ರ ಬೇಕೇ ಬೇಕು. ‘ಎ’ ಸಿಕ್ಕಿದರೆ ಹಾಗೇ ಟಿವಿಗೆ ಮಾರಲು ಆಗುವುದಿಲ್ಲ.

ಇನ್ನು ಸೌಂಡ್. ನನ್ನ ಗೆಳೆಯನ ಸಿನಿಮಾದಲ್ಲಿ ಬಸ್‌ಸ್ಟ್ಯಾಂಡಿನ ಒಂದು ದೃಶ್ಯವಿತ್ತು, ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಆಗುವಾಗಲೇ ಅಲ್ಲಿನ ಮಾತು, ಸದ್ದು ರೆಕಾರ್ಡ್ ಮಾಡಿದ್ದು. ಅಮ್ಮ ಮಗನಿಗೆ ಬುತ್ತಿ ಕೊಡುತ್ತಾಳೆ, ಹಿಂದೆ ಹಾರ್ನ್, ಕಂಡಕ್ಟರ್ ಸೀಟಿ, ಕಡಲೆಕಾಯಿ ಮಾರುವವನ ಕೂಗು. ಕೇಳಲು ತುಂಬಾ ಚೆನ್ನಾಗಿತ್ತು. ಹಿಂದಿ ಡಬ್ಬಿಂಗ್‌ಗೆ ಕೊಳ್ಳುವವರು ಬಂದು ಮಾತಿಲ್ಲದ ಟ್ರ್ಯಾಕ್ ಕೇಳಿದರು. ಅದಕ್ಕೆ ಎಂ ಅಂಡ್ ಇ ಅನ್ನುತ್ತಾರೆ, ಬರೀ ಸಂಗೀತ ಮತ್ತು ಸದ್ದು. ಇವನ ಹತ್ತಿರ ಇರಲಿಲ್ಲ. ಮಾತು ತೆಗೆದರೆ ಅದರ ಜೊತೆ ಹಾರ್ನೂ ಹೋಗುತ್ತದೆ, ಸೀಟಿಯೂ ಹೋಗುತ್ತದೆ. ಕೊನೆಗೆ ಸ್ಟುಡಿಯೋದಲ್ಲಿ ಕೂತು ಬುತ್ತಿಯ ಮುಚ್ಚಳದ ಸದ್ದಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಿಸಬೇಕಾಯಿತು. ಅಷ್ಟರಲ್ಲಿ ಕೊಳ್ಳುವವರು ಬೇರೆ ಸಿನಿಮಾ ನೋಡಿಕೊಂಡಿದ್ದರು. ಆದ್ದರಿಂದ ಲೊಕೇಶನ್‌ನಲ್ಲಿ ಶಾಟ್ ಓಕೆ ಆದಮೇಲೆ ಎಲ್ಲರನ್ನೂ ಎರಡು ನಿಮಿಷ ಸುಮ್ಮನಿರಿಸಿ ಆ ಜಾಗದ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಸಿ. ಮಿಕ್ಸಿಂಗ್ ಮಾತಾಡುವಾಗಲೇ ಎಂ ಅಂಡ್ ಇ ಸೇರಿಸಿ ರೇಟು ಮುಗಿಸಿ.

ಥಿಯೇಟರ್ ಬಿಡಬೇಡಿ. ಈಗ ಓಟಿಟಿಯವರೂ ಅಲ್ಲಿ ಹೇಗೆ ಓಡಿತು ಅಂತಲೇ ಕೇಳುತ್ತಾರೆ. ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ತೆರೆಕಂಡು ಪ್ರೈಮ್‌ಗೆ ಬಂದಿದ್ದು ನವೆಂಬರ್ 24ಕ್ಕೆ, ಹೆಚ್ಚುಕಮ್ಮಿ ಎಂಟು ವಾರ. ಚಿಕ್ಕ ಸಿನಿಮಾಕ್ಕೆ ಜಾಸ್ತಿ ಸ್ಕ್ರೀನ್ ಬೇಡ, ಜನ ಬರುವ ಹೊತ್ತಿನ ಶೋ ನಾಲ್ಕು ಕಡೆ ಸಿಕ್ಕರೂ ಸಾಕು.

ಸಬ್‌ಟೈಟಲ್ ಮಾಡುವವರ ಪಕ್ಕದಲ್ಲಿ ಸಂಭಾಷಣೆ ಬರೆದವರನ್ನು ಕೂರಿಸಿ. ಮಾಸ್ಟರ್ ಫೈಲ್‌ಗಳನ್ನು, ಅಂದರೆ ಮುಗಿದ ಸಿನಿಮಾದ ಮೂಲ ಫೈಲ್‌ಗಳನ್ನು, ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ ಎರಡು ಬೇರೆ ಮನೆಯಲ್ಲಿಡಿ, ಆರು ತಿಂಗಳಿಗೊಮ್ಮೆ ತೆಗೆದು ಓಡಿಸಿ ನೋಡಿ.