ಲೇಯರ್‌ನ ಹೆಸರು ‘ಕ್ಲೀನ್’

ಧಾರವಾಡದಲ್ಲಿ ನನ್ನದೊಂದು ಸಣ್ಣ ಡಿಸೈನ್ ಅಂಗಡಿ ಇದೆ. ಮದುವೆ ಕಾರ್ಡು, ಫ್ಲೆಕ್ಸು, ಕಾಲೇಜಿನ ಬ್ರೋಷರ್, ಬಂದದ್ದೆಲ್ಲ ಮಾಡುತ್ತೇನೆ. 2021ರಲ್ಲಿ ಹಳೇ ಗಿರಾಕಿಯೊಬ್ಬರು 2017ರ ಬ್ರೋಷರನ್ನು ಸ್ವಲ್ಪ ತಿದ್ದಿಕೊಡಿ ಅಂದರು. ಫೈಲ್ ತೆರೆದೆ. ಫೋಟೊದಲ್ಲಿ ಆರು ಜನ ವಿದ್ಯಾರ್ಥಿಗಳು. ತುದಿಯಲ್ಲಿ ನಿಂತ ಸಿದ್ದಿ ಹುಡುಗಿಯ ಮುಖದ ಮೇಲೆ ಮಾತ್ರ ಒಂದು ಕರ್ವ್ಸ್ ಲೇಯರ್, ಅಂದರೆ ಬಣ್ಣ ತಿಳಿಯಾಗಿಸಲು ಫೋಟೊದ ಮೇಲೆ ಹಾಸುವ ಪದರ. ಅದಕ್ಕೆ ನಾನೇ ಇಟ್ಟ ಹೆಸರು ‘ಕ್ಲೀನ್’.

ಗಿರಾಕಿ ಅದನ್ನು ಕೇಳಿರಲಿಲ್ಲ. ಹಳೇ ಮೇಲ್‌ಗಳನ್ನೆಲ್ಲ ಹುಡುಕಿದೆ, ಒಂದು ಮಾತೂ ಇಲ್ಲ. ಲೇಯರ್ ಎಲ್ಲೆಲ್ಲಿ ಹತ್ತಬೇಕೆಂದು ಗುರುತಿಸುವ ಮಾಸ್ಕ್ ನೋಡಿದರೆ ಕಿವಿ, ಕತ್ತು, ಕೂದಲಿನ ಅಂಚು ಎಲ್ಲ ಸಣ್ಣ ಬ್ರಷ್‌ನಲ್ಲಿ ನೀಟಾಗಿ ತೀಡಿದ್ದೆ. ಅರ್ಧ ಗಂಟೆಯಾದರೂ ಕೂತಿರಬೇಕು. ಆ ಅರ್ಧ ಗಂಟೆ ನನಗೆ ನೆನಪೇ ಇಲ್ಲ. 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರಿನಿಂದ ‘ಫೇರ್’ ತೆಗೆದಾಗ ಸ್ಟೇಟಸ್ ಹಾಕಿ ಖುಷಿಪಟ್ಟವನು ನಾನು!

ನೆನಪಿರುವುದು ಫೋಟೊ ತೆಗೆದ ದಿನ. ಉಳಿದ ಐವರ ಜೊತೆ ಕನ್ನಡದಲ್ಲಿ ಮಾತಾಡಿದವನು ಅವಳ ಹತ್ತಿರ ಬಂದಾಗ ಇಂಗ್ಲಿಷಿಗೆ ತಿರುಗಿದೆ. ಯಾವ ದೇಶ ಅಂತ ಕೇಳಿದೆ. ‘ಹಳಿಯಾಳ ರೀ ಸರ್’ ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಿದ್ದಿಗಳ ಪೂರ್ವಜರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದದ್ದು, ಅವರು ತಲೆತಲಾಂತರದಿಂದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಇರುವುದು, 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು, ಎಲ್ಲ ನನಗೆ ಗೊತ್ತಿತ್ತು. ಧಾರವಾಡದಿಂದ ಹಳಿಯಾಳ ಒಂದು ತಾಸಿನ ದಾರಿ. ಗೊತ್ತಿದ್ದೂ ಬಾಯಿ ಇಂಗ್ಲಿಷ್ ಆಡಿತು.

ಮೊದಲು ತಪ್ಪನ್ನು ಕ್ಯಾಮೆರಾ ಮೇಲೆ ಹಾಕಿದೆ. ಅದರಲ್ಲೂ ಅರ್ಧ ಸತ್ಯ ಇದೆ. ರೀಲ್ ಕಾಲದಲ್ಲಿ ಕೊಡ್ಯಾಕ್ ಕಂಪನಿ ಲ್ಯಾಬ್‌ಗಳಿಗೆ ‘ಶರ್ಲಿ ಕಾರ್ಡ್’ ಕಳಿಸುತ್ತಿತ್ತು. ಬಿಳಿ ಹೆಂಗಸಿನ ಚಿತ್ರ. ಆಕೆಯ ಚರ್ಮ ಸರಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ಇವತ್ತಿಗೂ ಬಿಳಿ ಯೂನಿಫಾರ್ಮ್ ಹಾಕಿದ ಗುಂಪಿನಲ್ಲಿ ಕ್ಯಾಮೆರಾ ಬಟ್ಟೆಯ ಬೆಳಕು ನೋಡಿ ಎಕ್ಸ್‌ಪೋಷರ್ ಇಳಿಸಿದರೆ ಕಪ್ಪು ಮುಖಗಳ ವಿವರ ಹೋಗುತ್ತದೆ. ಆಗ ಬೆಳಕು ಏರಿಸುವುದು ನ್ಯಾಯವೇ. ಆದರೆ ಅದಕ್ಕೊಂದು ಪರೀಕ್ಷೆ ಉಂಟು. ಮುಖದಲ್ಲಿ ಕಣ್ಣಿನ ಬಿಳಿ, ಕೆನ್ನೆಯ ಹೊಳಪು, ತುಟಿಯ ಗೆರೆ ಕಾಣುತ್ತಿವೆಯಾ? ನನ್ನ ಮೂಲ ಫೋಟೊದಲ್ಲಿ ಎಲ್ಲ ಕಾಣುತ್ತಿದ್ದವು. ಫೋಟೊ ಸರಿಯಾಗೇ ಇತ್ತು.

ಆಮೇಲೆ ಶುರುವಾಯಿತು ಲೆಕ್ಕ. ಹಾರ್ಡ್ ಡಿಸ್ಕ್‌ನ ಹಳೇ ಫೈಲ್‌ಗಳನ್ನು ಒಂದೊಂದಾಗಿ ತೆರೆದೆ. ಎರಡು ಭಾನುವಾರ ಹೋಯಿತು. ಪ್ರತಿ ಮುಖದ ಕೆನ್ನೆಯಿಂದ ಐಡ್ರಾಪರ್‌ನಲ್ಲಿ ಎರಡು ಬಣ್ಣ ತೆಗೆದೆ, ಮೂಲದ್ದೊಂದು, ನಾನು ಅಚ್ಚಿಗೆ ಕಳಿಸಿದ್ದೊಂದು. ಎರಡನ್ನೂ ಚೌಕ ಮಾಡಿ ಪಕ್ಕಪಕ್ಕ ಇಟ್ಟೆ. ಹೆಸರಿಲ್ಲ, ಮುಖವಿಲ್ಲ, ಸುಮ್ನೆ ಬಣ್ಣ. ಕೆಳಗೆ ಸಣ್ಣ ಅಕ್ಷರದಲ್ಲಿ ನಾನು ಇಟ್ಟಿದ್ದ ಲೇಯರ್ ಹೆಸರು: ಕ್ಲೀನ್, ಫ್ರೆಶ್, ಫೈನಲ್ ಟಚ್. ‘ಕೌದಿ ಹೊಲ್ಯಾಕ ಹತ್ತೀಯೇನು?’ ಅಂತ ಅವ್ವ ಹಿಂದಿನಿಂದ ಇಣುಕಿ ಕೇಳಿದಳು.

ಬೆಳ್ಳಗಿದ್ದವರ ಎರಡು ಚೌಕದ ನಡುವೆ ಗೆರೆಯೇ ಕಾಣುತ್ತಿರಲಿಲ್ಲ. ಕಪ್ಪಗಾದಂತೆ ಗೆರೆ ದಪ್ಪ. ಆ ಹುಡುಗಿಯದ್ದು ಎಲ್ಲಕ್ಕಿಂತ ಜಾಸ್ತಿ. ಬೆಳಕನ್ನು ಕಪ್ಪಿಗೆ 0, ಬಿಳಿಗೆ 100 ಅಂತ ಅಳೆಯುವ ಲ್ಯಾಬ್ ಮೋಡ್‌ನಲ್ಲಿ ಅಂಕಿ 31 ಇದ್ದದ್ದನ್ನು 46ಕ್ಕೆ ತಂದಿದ್ದೆ. ಇಷ್ಟು ದಿನ ‘ನಾನು ಹಂಗೆಲ್ಲ ನೋಡಲ್ಲಪ್ಪ’ ಅನ್ನುತ್ತಿದ್ದವನಿಗೆ ಅಂಕಿಯ ಜೊತೆ ವಾದ ಮಾಡಲು ಆಗಲಿಲ್ಲ.

ಸ್ಟಾಕ್ ಫೋಟೊಗಳದ್ದೂ ಇದೇ ಕಥೆ. ಈಶಾನ್ಯ ರಾಜ್ಯದವರಂತೆ ಕಾಣುವ ಮುಖಗಳನ್ನು ಮೊಮೊ ಮೆನುವಿಗೆ, ಬ್ಯೂಟಿ ಪಾರ್ಲರ್ ಫ್ಲೆಕ್ಸಿಗೆ ಹಾಕಿದ್ದೆ. ಬ್ಯಾಂಕು, ಆಸ್ಪತ್ರೆ, ಟ್ಯೂಷನ್ ಕ್ಲಾಸಿಗೆ ಒಂದೂ ಇಲ್ಲ.

ಆ ಚೌಕಗಳನ್ನೆಲ್ಲ ಒಂದು ಪೋಸ್ಟರ್ ಮಾಡಿ, ಎ2 ಅಳತೆಯಲ್ಲಿ ಮ್ಯಾಟ್ ಕಾಗದದ ಮೇಲೆ ತೆಗೆಸಿ ಅಂಗಡಿಯ ಒಳಗೋಡೆಗೆ ಅಂಟಿಸಿದೆ. ಒಂದು ಸಂಜೆ ಪರಿಚಯದ ಮಾಸ್ತರೊಬ್ಬರು ಬಂದರು. ಹಳಿಯಾಳ ಕಡೆಯವರು, ಸಿದ್ದಿಗಳೇ. ಏನಿದು ಅಂತ ಕೇಳಿದರು, ಹೇಳಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಕನ್ನಡಕ ಏರಿಸಿ ಚೌಕಗಳನ್ನು ಒಂದೊಂದಾಗಿ ನೋಡಿದರು.

‘ಇದರಾಗ ಫೋಟೊದಾಗ ಉಳಿದವರ ಲೆಕ್ಕ ಅಷ್ಟ ಐತಿ’ ಅಂದರು. ‘ನೀವು ಆರಿಸದ ಬಿಟ್ಟವು ಎಲ್ಲಿ ಅದಾವ ರೀ?’

ಅವರು ಹೋದ ಮೇಲೆ ಬ್ರೋಷರಿನ ಫೋಟೊ ತೆಗೆದ ದಿನದ ಪೂರ್ತಿ ಫೋಲ್ಡರ್ ತೆರೆದೆ. 212 ಫೋಟೊ. ಆ ಹುಡುಗಿ ಮುಂದಿನ ಸಾಲಿನಲ್ಲಿ, ಮೈಕ್ರೋಸ್ಕೋಪ್ ಎದುರು ಕೂತು ನಗುತ್ತಿರುವ ಫೋಟೊಗಳು ಒಂಬತ್ತು ಸಿಕ್ಕವು. ಫೋಕಸ್ ಸರಿಯಾಗಿತ್ತು. ಬೆಳಕೂ ಚೆನ್ನಾಗಿತ್ತು.